ವೆನಿಲ್ಲಾ ಬಳ್ಳಿ ಮಾರಿದವರು, ಡಾಟ್ ಗುರು ಕೊಂಡವನು

ನಮಸ್ಕಾರ ಮಾರಾಯ್ರೆ. ಹೊರಗೆ ಮಳೆ ಜೋರು ಉಂಟು, ಶೀಟಿನ ಸದ್ದು ಮೈಕಿಗೆ ಬಿದ್ದರೆ ಬೇಜಾರು ಮಾಡಬೇಡಿ. ಕರೆಂಟ್ ಹೋಗುವುದರೊಳಗೆ ಮುಗಿಸುತ್ತೇನೆ.

ಹೋದ ವಾರ ನನ್ನ ದೊಡ್ಡಮ್ಮನ ಮೊಮ್ಮಗ ಫೋನ್ ಮಾಡಿದ. ಸುರತ್ಕಲ್‌ನಲ್ಲಿ ರೂಮ್ ಮಾಡಿಕೊಂಡಿದ್ದಾನೆ, ಎಂಜಿನಿಯರಿಂಗ್ ಕೊನೆಯ ವರ್ಷ. "ಮಾವ, ಇಂಟರ್ನೆಟ್‌ಗೆ ಹೊಸ ಹೊಸ ಬಾಲ ಬರ್ತದಂತೆ. ಈಗಿರುವುದರಲ್ಲೇ ಒಳ್ಳೆ ಹೆಸರು ಹಿಡಿದಿಟ್ಟು, ಆಮೇಲೆ ಜಾಸ್ತಿ ರೇಟಿಗೆ ಮಾರಿ ಅಭ್ಯಾಸ ಮಾಡಿಕೊಳ್ಳುವ ಅಂತ. ನಲವತ್ತು ಸಾವಿರ ಉಂಟು. ಎಂತ ಹೇಳ್ತೀರಿ?"

ಬಾಲ ಅಂದರೆ ವೆಬ್‌ಸೈಟ್ ಹೆಸರಿನ ಕೊನೆಯ ತುಂಡು. ಡಾಟ್ ಕಾಮ್, ಡಾಟ್ ಇನ್, ಡಾಟ್ ಶಾಪ್. ಅವನು ಹೇಳಿದ ಈ ಶಬ್ದ ನನಗೆ ಹಿಡಿಸಿತು, ಇವತ್ತಿಡೀ ಅದನ್ನೇ ಬಳಸುತ್ತೇನೆ.

ಅವನು ಹೇಳಿದ ಮೊತ್ತ ಕೇಳಿ ನನಗೆ ನಗು ಬಂತು. 2014ರಲ್ಲಿ ನಾನು ಕಳೆದುಕೊಂಡದ್ದೂ ಹೆಚ್ಚುಕಮ್ಮಿ ಅಷ್ಟೇ.

ಆಗ ಮಂಗಳೂರಿನ ಹಂಪನಕಟ್ಟೆಯಲ್ಲಿ ನನ್ನದೊಂದು ಸಣ್ಣ ಆಫೀಸು, ವೆಬ್‌ಸೈಟ್ ಮಾಡಿಕೊಡುವ ಕೆಲಸ. ಎರಡು ವರ್ಷ ಹಿಂದೆ, 2012ರಲ್ಲಿ, ಐಕಾನ್ ಹೊಸ ಬಾಲಗಳಿಗೆ ಅರ್ಜಿ ಕರೆದಿತ್ತು. ಇಂಟರ್ನೆಟ್ ಹೆಸರುಗಳ ಉಸ್ತುವಾರಿ ನೋಡಿಕೊಳ್ಳುವ ಸಂಸ್ಥೆ ಅದು. ಒಂದು ಅರ್ಜಿಗೆ 1,85,000 ಡಾಲರ್. ಆದರೂ 1,930 ಅರ್ಜಿ ಬಂತು. 2014ರ ಶುರುವಿನಲ್ಲಿ ಒಂದೊಂದೇ ಬಾಲ ಮಾರುಕಟ್ಟೆಗೆ ಬಂದವು. ಅದರಲ್ಲಿ ಡಾಟ್ ಗುರು ಒಂದು.

ಗುರು! ನಮ್ಮದೇ ಶಬ್ದ ಅಲ್ವಾ? ಇಡೀ ಇಂಡಿಯಾ ಮುಗಿಬೀಳುತ್ತದೆ ಅಂದುಕೊಂಡೆ. ಶುರುವಿನಲ್ಲಿ ಹೊಸ ಬಾಲಗಳಲ್ಲಿ ಎಲ್ಲಕ್ಕಿಂತ ಮುಂದೆ ಓಡಿದ್ದೂ ಅದೇ. ಕುಂದಾಪುರ, ಮಲ್ಪೆ, ಯಕ್ಷಗಾನ, ನೀರುದೋಸೆ, ನಾಗಮಂಡಲ, ತಲೆಗೆ ಬಂದದ್ದಕ್ಕೆಲ್ಲ ಗುರು, ಕ್ಲಬ್ಬು, ಏನೇನೋ ಬಾಲ ಅಂಟಿಸಿ 23 ಹೆಸರು ತೆಗೆದುಕೊಂಡೆ. ನೀರುದೋಸೆಗೆ ಎಂಥ ಗುರು ಅಂತ ಆಗ ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಜೂನ್‌ನಲ್ಲಿ ಡಾಟ್ ಎಕ್ಸ್‌ವೈಝಡ್ ಬಂತು. ಒಂದು ದೊಡ್ಡ ರಿಜಿಸ್ಟ್ರಾರ್ ಕಂಪನಿ, ಅಂದರೆ ನಮ್ಮಂಥವರಿಗೆ ಹೆಸರು ಮಾರುವ ಅಂಗಡಿ, ತನ್ನ ಗ್ರಾಹಕರ ಖಾತೆಗೆ, ಅವರು ಕೇಳದೆಯೇ, ಆ ಬಾಲದ ಹೆಸರುಗಳನ್ನು ಪುಕ್ಕಟೆ ಹಾಕಿಬಿಟ್ಟಿತು. ಎಷ್ಟು ಹೆಸರು ಹೋದವು ಎಂಬ ಲೆಕ್ಕದಲ್ಲಿ ಅದು ಮೇಲೆ, ನನ್ನ ಗುರು ಕೆಳಗೆ. ಲಕ್ಷಗಟ್ಟಲೆ ಹೆಸರು ಹೋದವು ಅಂತ ಜಾಹೀರಾತು ಬಂದರೆ, ಕಾಸು ಕೊಟ್ಟು ಕೊಂಡವರು ಎಷ್ಟು ಅಂತ ಮೊದಲು ಕೇಳಬೇಕು. ಅವತ್ತು ನನಗೆ ಅದು ಹೊಳೆಯಲಿಲ್ಲ.

ಇನ್ನೊಂದು ಸಂಗತಿ. ನಿಜವಾಗಿ ಒಳ್ಳೆಯ ಹೆಸರುಗಳು ನಮಗೆ ಸಿಗುವುದೇ ಇಲ್ಲ. ಬಾಲದ ಮಾಲೀಕ ಕಂಪನಿಗೆ ರಿಜಿಸ್ಟ್ರಿ ಅನ್ನುತ್ತಾರೆ. ಅದು ಹೋಟೆಲ್, ಗೋಲ್ಡ್, ಲೋನ್ ಥರದ ಶಬ್ದಗಳನ್ನು ಮೊದಲೇ ಬದಿಗೆ ತೆಗೆದಿಟ್ಟು 'ಪ್ರೀಮಿಯಂ' ಅಂತ ಚೀಟಿ ಅಂಟಿಸಿರುತ್ತದೆ. ಮೀನಿನ ಧಕ್ಕೆಗೆ ಬೋಟ್ ಬಂದಾಗ ದುಬಾರಿ ಅಂಜಲ್ ಮೀನೆಲ್ಲ ಬೋಟಿನವರೇ ಬೇರೆ ಇಟ್ಟುಕೊಂಡು, ಹರಾಜಿಗೆ ಬರೀ ಅಗ್ಗದ ಭೂತಾಯಿ ಮೀನು ಸುರಿದ ಹಾಗೆ. ಭೂತಾಯಿ ಕೆಟ್ಟದಲ್ಲ, ನನಗೆ ಅದೇ ಇಷ್ಟ. ಆದರೆ ಅಂಜಲಿನ ರೇಟು ಕೇಳಿದರೆ ಯಾರು ಕೊಡ್ತಾರೆ?

ಅಂತೂ ಒಂದು ವರ್ಷ ಕಾದೆ. 23ರಲ್ಲಿ ಒಂದಕ್ಕೆ ವಿಚಾರಣೆ ಬಂತು, ಉಡುಪಿಯ ಹೋಮ್‌ಸ್ಟೇ ಒಬ್ಬರದ್ದು. ಫೋನಿನಲ್ಲಿ ಹೆಸರು ಹೇಳಿದೆ. ಅವರು ಕೇಳಿದರು, "ಸರಿ, ಡಾಟ್ ಗುರು ಡಾಟ್ ಕಾಮ್ ಅಲ್ವಾ?" ಅಲ್ಲ ಸರ್, ಬರೀ ಡಾಟ್ ಗುರು. "ಅದು ಹೇಗಾಗ್ತದೆ? ಕಾಮ್ ಇಲ್ಲದೆ ಓಪನ್ ಆಗ್ತದಾ?" ಹತ್ತು ನಿಮಿಷ ವಿವರಿಸಿದೆ. ಕೊನೆಗೆ ಅವರೆಂದರು, "ನಿಮಗೇ ಇಷ್ಟು ಹೊತ್ತು ಬೇಕಾದರೆ, ನಾನು ಗೆಸ್ಟ್‌ಗಳಿಗೆ ಹೇಗೆ ಹೇಳಲಿ?"

ಈಗ ನಮ್ಮ ದೊಡ್ಡಪ್ಪನ ವಿಷಯಕ್ಕೆ ಬರುತ್ತೇನೆ. 2000ದ ನಂತರದ ವೆನಿಲ್ಲಾ ಹುಚ್ಚು ನಮ್ಮ ಜಿಲ್ಲೆಯ ಹಿರಿಯರಿಗೆ ನೆನಪಿರಬಹುದು. ಮಡಗಾಸ್ಕರ್‌ನಲ್ಲಿ ಚಂಡಮಾರುತ ಬಂದು ಬೆಳೆ ಹಾಳಾಯಿತು, ಇಲ್ಲಿ ಹಸಿ ಕೋಡಿಗೆ ಕೆ.ಜಿ.ಗೆ ಸಾವಿರಗಟ್ಟಲೆ ರೂಪಾಯಿ ಆಯಿತು. ಅಡಿಕೆ ತೋಟದಲ್ಲೆಲ್ಲ ವೆನಿಲ್ಲಾ. ಹೂವು ಅರಳುವುದು ಒಂದೇ ಬೆಳಗ್ಗೆ, ಒಂದೊಂದು ಹೂವಿಗೂ ಕೈಯಲ್ಲೇ ಪರಾಗಸ್ಪರ್ಶ ಮಾಡಬೇಕು. ನಮ್ಮ ಮನೆಯ ಹೆಂಗಸರು ತಿಂಡಿ ಬಿಟ್ಟು ಕಡ್ಡಿ ಹಿಡಿದು ತೋಟಕ್ಕೆ ಹೋಗುತ್ತಿದ್ದರು. ರಾತ್ರಿ ಕಳ್ಳರು ಬಳ್ಳಿ ಕತ್ತರಿಸಿ ಒಯ್ಯುತ್ತಾರೆ ಅಂತ ದೊಡ್ಡಪ್ಪ ತೋಟದಲ್ಲೇ ಮಲಗುತ್ತಿದ್ದರು, ಟಾರ್ಚು, ನಾಯಿ ಸಮೇತ. ಬಳ್ಳಿ ನೆಟ್ಟು ಫಸಲು ಬರುವುದಕ್ಕೆ ಮೂರು ವರ್ಷ. ಅವರ ಫಸಲು ಬರುವಾಗ ರೇಟು ಬಿದ್ದಿತ್ತು. ಕೊಳ್ಳುವವನೇ ಇಲ್ಲ.

ಆದರೆ ಆ ಹೊತ್ತಿನಲ್ಲೂ ದುಡ್ಡು ಮಾಡಿದವರು ಇದ್ದರು. ಬಳ್ಳಿ ಮಾರಿದವರು. ಮೀಟರ್ ಲೆಕ್ಕದಲ್ಲಿ ತುಂಡು ಮಾಡಿ, ಮುಂಗಡ ತೆಗೆದುಕೊಂಡು ಮಾರಿದರು. ಕೋಡಿನ ರೇಟು ಏನಾದರೂ ಆಗಲಿ, ಅವರ ದುಡ್ಡು ಅವತ್ತೇ ಕೈಗೆ ಬಂದಾಗಿತ್ತು.

ಹೊಸ ಬಾಲದ ವ್ಯಾಪಾರವೂ ಹೀಗೇ. ರಿಜಿಸ್ಟ್ರಿ ಬಳ್ಳಿ ಮಾರುತ್ತದೆ, ನಾವು ತೋಟದಲ್ಲಿ ಟಾರ್ಚು ಹಿಡಿದು ಮಲಗುತ್ತೇವೆ. ವೆನಿಲ್ಲಾಕ್ಕಿಂತ ಇದು ಒಂದು ಕೈ ಮೇಲೆ, ಯಾಕೆಂದರೆ ಪ್ರತಿ ವರ್ಷ ರಿನ್ಯೂವಲ್ ಕಟ್ಟಬೇಕು. ಡಾಟ್ ಕಾಮ್‌ನ ಸಗಟು ದರಕ್ಕೆ ಒಪ್ಪಂದದಲ್ಲಿ ಒಂದು ಮಿತಿ ಉಂಟು. ಹೊಸ ಬಾಲಗಳಿಗೆ ಅಂಥ ಮಿತಿ ಇಲ್ಲ. ಆರು ತಿಂಗಳು ಮುಂಚೆ ನೋಟಿಸ್ ಕೊಟ್ಟು ದರ ಏರಿಸಬಹುದು. 2017ರಲ್ಲಿ ಯುನಿರಿಜಿಸ್ಟ್ರಿ ಎಂಬ ಕಂಪನಿ ತನ್ನ ಕೆಲವು ಬಾಲಗಳ ದರವನ್ನು ಹತ್ತಾರು ಪಟ್ಟು ಏರಿಸಿತು. ಹೆಸರು ಹಿಡಿದಿಟ್ಟವರು ಕಂಗಾಲು.

ಅಳಿಯ ಇಷ್ಟು ಕೇಳಿ ಸುಮ್ಮನಾಗುವವನಲ್ಲ. "ಮತ್ತೆ ಡಾಟ್ ಎಐ?" ಅಂದ.

ಒಳ್ಳೆ ಪ್ರಶ್ನೆ. ಡಾಟ್ ಎಐ ಅಂಗುಯಿಲಾ ಎಂಬ ಪುಟ್ಟ ಕೆರಿಬಿಯನ್ ದ್ವೀಪದ ಬಾಲ. 1990ರ ದಶಕದಿಂದ ಇತ್ತು, ಯಾರೂ ಮೂಸಿ ನೋಡಿರಲಿಲ್ಲ. ಚಾಟ್‌ಜಿಪಿಟಿ ಬಂದ ಮೇಲೆ ನಸೀಬು ಖುಲಾಯಿಸಿತು. 2023ರಲ್ಲಿ ಆ ದ್ವೀಪದ ಸರ್ಕಾರಕ್ಕೆ ಇದರಿಂದ ಸುಮಾರು 3.2 ಕೋಟಿ ಡಾಲರ್ ಬಂತು, ಒಟ್ಟು ಆದಾಯದ ಐದರಲ್ಲಿ ಒಂದು ಪಾಲು. ಗಮನಿಸಿ, ಬಂದದ್ದು ಮೊದಲು ಬಳ್ಳಿ ಮಾರಿದವರಿಗೆ. ಹೌದು, ಕೆಲವು ಕೊಂಡವರಿಗೂ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಇಪ್ಪತ್ತು ವರ್ಷ ಮುಂಚೆ ಅದನ್ನು ಊಹಿಸಿ ಕುಳಿತವರು ಎಷ್ಟು ಮಂದಿ?

ಊಹಿಸಿ ಕುಳಿತವರ ಕಥೆಯೂ ಉಂಟು. 2006ರಲ್ಲಿ ಮೊಬೈಲ್‌ಗೆ ಅಂತಲೇ ಡಾಟ್ ಮೊಬಿ ಬಂತು. ಯೋಚನೆಯಲ್ಲಿ ತಪ್ಪೇನೂ ಇಲ್ಲ, ಮೊಬೈಲ್ ಬಂದೇ ಬಂತು. ಹರಾಜಿನಲ್ಲಿ ಫ್ಲವರ್ಸ್ ಡಾಟ್ ಮೊಬಿ 2,00,000 ಡಾಲರ್‌ಗೆ ಹೋಯಿತು. ಮರುವರ್ಷವೇ ಐಫೋನ್ ಬಂದು, ಸಾಮಾನ್ಯ ವೆಬ್‌ಸೈಟ್ ಫೋನಿನಲ್ಲೇ ತೆರೆಯತೊಡಗಿತು. ಮೊಬೈಲ್‌ಗೆ ಬೇರೆ ಬಾಲ ಯಾಕೆ? ಕೆಲವೇ ವರ್ಷಗಳಲ್ಲಿ ಅದೇ ಹೆಸರು 6,500 ಡಾಲರ್‌ಗೆ ಕೈ ಬದಲಾಯಿತು. ಮೊಬೈಲ್ ಗೆದ್ದಿತು, ಮೊಬಿ ಸೋತಿತು.

ಬೇರೆಯವರ ಬ್ರ್ಯಾಂಡ್ ಹೆಸರಿಗೆ ಹೊಸ ಬಾಲ ಹಾಕಿ ಅವರಿಗೇ ಮಾರುವ ಐಡಿಯಾ ಯಾರಿಗಾದರೂ ಇದ್ದರೆ ಈಗಲೇ ಬಿಟ್ಟುಬಿಡಿ. ವೆಬ್‌ಸೈಟ್ ಹೆಸರಿಗೂ ಟ್ರೇಡ್‌ಮಾರ್ಕ್‌ನ ಹಾಗೇ ರಕ್ಷಣೆ ಉಂಟು ಅಂತ 2004ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಹಾಗಾದರೆ ಹೊಸ ಬಾಲಕ್ಕೆ ಬೆಲೆಯೇ ಇಲ್ಲವಾ? ಉಂಟು. ನಮ್ಮದು ಬ್ಯಾಂಕುಗಳ ತೊಟ್ಟಿಲು ತಾನೆ? ಮಂಗಳೂರಿನಲ್ಲಿ ಕೆನರಾ, ಉಡುಪಿಯಲ್ಲಿ ಕಾರ್ಪೊರೇಶನ್, ಎರಡೂ 1906ರಲ್ಲಿ ಹುಟ್ಟಿದವು. ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ಡಾಟ್ ಬ್ಯಾಂಕ್ ಡಾಟ್ ಇನ್‌ಗೆ ಹೋಗಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತು. ನನಗೂ ನಿಮಗೂ ಆ ಬಾಲ ಸಿಗುವುದಿಲ್ಲ, ಅದಕ್ಕೇ ಅದಕ್ಕೆ ಬೆಲೆ. ಅಮ್ಮನಿಗೆ ಬ್ಯಾಂಕಿನ ಹೆಸರಲ್ಲಿ ಲಿಂಕ್ ಬಂದರೆ, ಕೊನೆ ನೋಡಿ ಒತ್ತಿ ಅಂತ ಹೇಳಿಕೊಡಬಹುದು.

ಐಕಾನ್ ಹೊಸ ಬಾಲಗಳಿಗೆ ಮತ್ತೆ ಅರ್ಜಿ ಕರೆಯುವ 2026ರ ಸುತ್ತಿನಲ್ಲಿ ಅರ್ಜಿ ಶುಲ್ಕವೇ 2,27,000 ಡಾಲರ್. ಅಷ್ಟು ಕೊಟ್ಟವರು ಅದನ್ನು ಯಾರ ಹತ್ತಿರ ವಸೂಲಿ ಮಾಡ್ತಾರೆ, ಯೋಚಿಸು ಅಂತ ಅಳಿಯನಿಗೆ ಹೇಳಿದೆ. ನಿನಗೇ ಬಳಸಲಿಕ್ಕೆ ಬೇಕಾದರೆ ಒಂದು ತಗೋ, ಡಾಟ್ ಇನ್ ಸಾಕು. ಕನ್ನಡದಲ್ಲೇ ಡಾಟ್ ಭಾರತ ಕೂಡ ಸಿಗ್ತದೆ, ಶೋಕಿಗೆ ಬೇಕಾದರೆ ಅದು. ಮಾರಲಿಕ್ಕೆ ಬೇಡ.

"ಆಯ್ತು ಮಾವ" ಅಂದ. ಬಹಳ ವಿನಯ. ನಾನೂ ಖುಷಿಯಲ್ಲಿ ಫೋನ್ ಇಟ್ಟೆ.

ನಿನ್ನೆ ರಾತ್ರಿ ವಾಟ್ಸಾಪ್‌ನಲ್ಲಿ ಮೆಸೇಜ್. "ಮಾವ, ಆಫರ್ ಇತ್ತು, ಮೊದಲ ವರ್ಷ ಬರೀ ತೊಂಬತ್ತೊಂಬತ್ತು. ಹನ್ನೊಂದೇ ತಗೊಂಡೆ."