ಶಾಲೆಯಲ್ಲಿ ಆ ಮಗುವಿನ ಲೆಕ್ಕ ಇಡುವವರು ಯಾರು?

ಶಿಕ್ಷಕ ಮಿತ್ರರೇ,

ಹೆತ್ತವರೊಂದಿಗೆ ಇರಲಾಗದ ಮಕ್ಕಳನ್ನು ಇಟ್ಟು ನೋಡಿಕೊಳ್ಳುವ ಪಾಲನಾ ಗೃಹದಲ್ಲಿ ಬೆಳೆಯುವ ಮಗುವಿನ ಸುತ್ತ ದೊಡ್ಡವರಿಗೇನೂ ಬರವಿಲ್ಲ. ಗೃಹದ ಮುಖ್ಯಸ್ಥರಿದ್ದಾರೆ, ಹಗಲು ಪಾಳಿಯವರಿದ್ದಾರೆ, ರಾತ್ರಿ ಪಾಳಿಯವರಿದ್ದಾರೆ. ಸಮಾಜ ಕಾರ್ಯಕರ್ತರು, ಆಪ್ತ ಸಮಾಲೋಚಕರು ಬಂದು ಹೋಗುತ್ತಾರೆ. ಶಾಲೆಯಲ್ಲಿ ವಿಷಯಕ್ಕೊಬ್ಬರು ಶಿಕ್ಷಕರು. ಇಷ್ಟೆಲ್ಲ ಜನರಲ್ಲಿ, ಹೋದ ವಾರ ಭಿನ್ನರಾಶಿಯ ಪಾಠ ನಡೆದಾಗ ಆ ಮಗು ತರಗತಿಯಲ್ಲಿತ್ತೇ ಎಂದು ಕೇಳಿದರೆ ಹೇಳಬಲ್ಲವರು ಒಬ್ಬರಾದರೂ ಸಿಗುತ್ತಾರೆಯೇ? ನನ್ನ ಇಂದಿನ ಮಾತು ಆ ಒಬ್ಬರ ಕುರಿತು. ಎಲ್ಲರ ಹೊಣೆ ಎಂದದ್ದು ಯಾರ ಹೊಣೆಯೂ ಆಗದೆ ಉಳಿದಾಗಲೇ ಈ ಮಕ್ಕಳು ಶಾಲೆಯಿಂದ ಜಾರುತ್ತಾರೆ.

ಜಾರುವುದು ನಿಧಾನವಾಗಿ ನಡೆಯುತ್ತದೆ. ಮಗುವನ್ನು ಒಂದು ಗೃಹದಿಂದ ಇನ್ನೊಂದಕ್ಕೆ ಕಳುಹಿಸುತ್ತಾರೆ, ಅದರೊಂದಿಗೆ ಶಾಲೆಯೂ ಬದಲಾಗುತ್ತದೆ. ಭಾಗಾಕಾರ ಕಲಿಯುವ ಮೊದಲೇ ಹಳೆಯ ಶಾಲೆ ಬಿಟ್ಟ ಮಗು, ದಶಮಾಂಶದ ಪಾಠ ಅರ್ಧ ಮುಗಿದಾಗ ಹೊಸ ಶಾಲೆಗೆ ಬಂದು ಕೂರುತ್ತದೆ. ನಡುವೆ ಏನು ತಪ್ಪಿಹೋಯಿತೆಂಬುದು ಯಾರ ಕಡತದಲ್ಲೂ ಇಲ್ಲ. ಹೊಸ ಶಿಕ್ಷಕರು ‘ಗಣಿತದಲ್ಲಿ ಹಿಂದೆ’ ಎಂದು ಷರಾ ಬರೆಯುತ್ತಾರೆ. ವಿಚಿತ್ರವೆಂದರೆ, ಅಂಕಪಟ್ಟಿ ತಲುಪುವುದಕ್ಕೆ ತಿಂಗಳುಗಟ್ಟಲೆ ಬೇಕು. ‘ಈ ಹುಡುಗ ತಂಟೆಕೋರ’ ಎಂಬ ಸುದ್ದಿ ಮಾತ್ರ ಹುಡುಗನಿಗಿಂತ ಮೊದಲೇ ಬಂದು ಸೇರಿರುತ್ತದೆ.

ಈ ತೊಡಕನ್ನು ಕೆಲವು ದೇಶಗಳು ಕಾನೂನಿನ ಮೂಲಕವೇ ಬಿಡಿಸಲು ಹೊರಟವು. ಅಮೆರಿಕದ 2008ರ ಕಾಯ್ದೆಯೊಂದರ ಪ್ರಕಾರ, ಪಾಲನೆಯ ಜಾಗ ಬದಲಾದರೂ ಮಗುವಿನ ಹಿತಕ್ಕೆ ಅಡ್ಡಿಯಿಲ್ಲದಿದ್ದರೆ ಹಳೆಯ ಶಾಲೆಯನ್ನೇ ಮುಂದುವರಿಸಬೇಕು. ಶಾಲೆ ಬದಲಿಸಲೇಬೇಕಾದರೆ, ದಾಖಲೆಗಳು ಬಂದಿಲ್ಲವೆಂದು ಕಾಯಿಸದೆ ಕೂಡಲೇ ಸೇರಿಸಿಕೊಳ್ಳಬೇಕು ಎಂದು 2015ರ ಕಾಯ್ದೆ ಸೇರಿಸಿತು. ಇಂಗ್ಲೆಂಡ್ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ 2009ರಿಂದ ಸರ್ಕಾರಿ ಹಣದಲ್ಲಿ ನಡೆಯುವ ಶಾಲೆಗಳು ಪಾಲನೆಯಲ್ಲಿರುವ ಮಕ್ಕಳ ಓದಿನ ಹೊಣೆಗೆಂದೇ ಒಬ್ಬ ಶಿಕ್ಷಕರನ್ನು ನೇಮಿಸಬೇಕು. ಪ್ರತಿ ಮಗುವಿಗೂ ಪ್ರತ್ಯೇಕ ಶಿಕ್ಷಣ ಯೋಜನೆ ಇರುತ್ತದೆ, ಶಾಲಾ ವರ್ಷದ ಪ್ರತಿ ಅವಧಿಗೂ (ಟರ್ಮ್) ಅದರ ಪರಿಶೀಲನೆಯಾಗುತ್ತದೆ. 2014ರ ಕಾಯ್ದೆ ಬಂದ ಮೇಲೆ, ಇಂಥ ಮಕ್ಕಳು ಯಾವ ಯಾವ ಶಾಲೆಯಲ್ಲಿದ್ದರೂ ಎಲ್ಲರೂ ಒಂದೇ ಶಾಲೆಯವರೋ ಎಂಬಂತೆ ಅವರ ಪ್ರಗತಿ ನೋಡುವ ಅಧಿಕಾರಿಯನ್ನು ಪ್ರತಿ ಸ್ಥಳೀಯ ಆಡಳಿತವೂ ಹೊಂದಿರಬೇಕು. ಕಟ್ಟಡವಿಲ್ಲದ ಶಾಲೆಗೊಬ್ಬ ಮುಖ್ಯೋಪಾಧ್ಯಾಯರು! ನನಗೆ ಈ ಕಲ್ಪನೆ ಬಹಳ ಇಷ್ಟ.

ಕಾನೂನು ಇರಲಿ ಬಿಡಲಿ, ಶಾಲೆಯೊಂದು ತಾನಾಗಿ ಒಬ್ಬರಿಗೆ ಈ ಹೊಣೆ ವಹಿಸುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಅವರ ಮೊದಲ ಕೆಲಸ, ಮಗು ಬಂದ ವಾರದಲ್ಲೇ ಅದಕ್ಕೆ ಏನು ಬರುತ್ತದೆ, ಎಲ್ಲಿ ಎಳೆ ತಪ್ಪಿದೆ ಎಂದು ಪಕ್ಕದಲ್ಲಿ ಕೂತು ನೋಡುವುದು. ಅದಕ್ಕೆ ಪರೀಕ್ಷೆ ಎಂದು ಹೆಸರಿಡಬೇಡಿ. ಈ ಮಕ್ಕಳನ್ನು ಈಗಾಗಲೇ ಸಾಕಷ್ಟು ಜನ ಅಳೆದು ತೂಗಿದ್ದಾರೆ. ಎರಡನೆಯದು ಗೈರುಹಾಜರಿ. ಮಗುವಿನ ಪ್ರಕರಣದ ವಿಚಾರಣೆ, ವೈದ್ಯರ ತಪಾಸಣೆ, ಬಂಧುಗಳ ಭೇಟಿ, ಎಲ್ಲವನ್ನೂ ಶಾಲೆಯ ವೇಳೆಯಲ್ಲೇ ಇಟ್ಟುಕೊಳ್ಳುವ ಅಭ್ಯಾಸ ಹಲವೆಡೆ ಇದೆ. ಒಂದೊಂದಕ್ಕೂ ಕಾರಣ ಸರಿಯಾಗಿಯೇ ಇರುತ್ತದೆ. ಆದರೆ ಪ್ರತಿ ಸಲವೂ ಅದೇ ಗಣಿತದ ತರಗತಿ ತಪ್ಪುತ್ತಿದೆ ಎಂಬುದು ಶಾಲೆಗೆ ಮಾತ್ರ ಕಾಣುವ ಸಂಗತಿ. ಶಾಲೆಯೇ ಅದನ್ನು ಗೃಹದವರಿಗೆ ಹೇಳಬೇಕು. ಮಗು ಬಾರದ ಮೊದಲ ದಿನವೇ ಒಂದು ಕರೆ ಹೋಗಬೇಕು. ಮರುದಿನ ಬಂದಾಗ ‘ನೀನಿಲ್ಲದಾಗ ಇಷ್ಟಾಯಿತು, ಬಾ’ ಎಂದು ಟಿಪ್ಪಣಿ ಕೈಗಿಡಬೇಕು.

ಇನ್ನು ವರ್ತನೆ. ಬಾಗಿಲ ಹತ್ತಿರವೇ ಕೂರುವ, ಹಿಂದೆ ಯಾರಾದರೂ ನಡೆದರೆ ಬೆಚ್ಚುವ, ತಪ್ಪು ತಿದ್ದಿದರೆ ಪುಸ್ತಕ ಹರಿಯುವ ಮಗುವನ್ನು ನೀವೆಲ್ಲ ನೋಡಿದ್ದೀರಿ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 2000ದ ಸುಮಾರಿಗೆ ಆರಂಭವಾದ ಅಧ್ಯಯನವೊಂದು, ಅನಾಥಾಲಯಗಳಲ್ಲಿದ್ದ 136 ಎಳೆಯ ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು ಪೋಷಕ ಕುಟುಂಬಗಳಿಗೆ ಕಳುಹಿಸಿ ಎರಡೂ ಗುಂಪುಗಳನ್ನು ವರ್ಷಗಟ್ಟಲೆ ಗಮನಿಸಿತು. ಕುಟುಂಬ ಸೇರಿದವರು ಬುದ್ಧಿಮತ್ತೆಯಲ್ಲಿ ಮುಂದೆ ಬಂದರು. ಆದರೂ ಗಮನ ನಿಲ್ಲಿಸುವ ಕಷ್ಟ ಅವರಲ್ಲೂ ಉಳಿದುಕೊಂಡಿತು. ಎಲ್ಲ ಗೃಹಗಳೂ ಆ ಅನಾಥಾಲಯಗಳಷ್ಟು ಬರಡಾಗಿರುವುದಿಲ್ಲ, ನಿಜ. ಆದರೆ ಚಡಪಡಿಸುವ ಮಗುವನ್ನು ‘ಬೇಕೆಂದೇ ಮಾಡುತ್ತಾನೆ’ ಎನ್ನುವ ಮುನ್ನ ಇದು ನೆನಪಿರಲಿ. ಅಮಾನತಿನ ಶಿಕ್ಷೆಯಂತೂ ಇಲ್ಲಿ ತಲೆಕೆಳಗು. ಬೇರೆ ಮಗುವನ್ನು ಮನೆಗೆ ಕಳುಹಿಸಿದರೆ ಮನೆಯವರು ಬೈದು, ಬುದ್ಧಿ ಹೇಳಿ, ಮತ್ತೆ ಕರೆತರುತ್ತಾರೆ. ಈ ಮಗುವಿಗೆ ಅದು ಮತ್ತೊಂದು ಹೊರದಬ್ಬುವಿಕೆ, ಅಷ್ಟೇ.

ಶಿಕ್ಷೆಯಷ್ಟೇ ನನ್ನನ್ನು ಚಿಂತೆಗೀಡುಮಾಡುವುದು ಕನಿಕರ. ‘ಪಾಪ, ಅವನ ಪರಿಸ್ಥಿತಿಯಲ್ಲಿ ಇಷ್ಟಾದರೂ ಬರೆದನಲ್ಲ’ ಎಂದು ಉತ್ತರಪತ್ರಿಕೆ ಮುಚ್ಚಿಡುವವರು ಒಳ್ಳೆಯ ಮನಸ್ಸಿನವರೇ. ಆದರೆ ಪಕ್ಕದ ಮಗುವಿನ ಪ್ರಬಂಧವನ್ನು ಎರಡು ಸಲ ತಿದ್ದಿಸಿ, ಇವನದ್ದಕ್ಕೆ ತಿದ್ದುಪಡಿಯೇ ಇಲ್ಲದೆ ‘ಚೆನ್ನಾಗಿದೆ’ ಎಂದು ಬರೆದುಬಿಟ್ಟರೆ, ನಿನ್ನಿಂದ ಹೆಚ್ಚೇನೂ ಆಗದು ಎಂದು ಹೇಳಿದಂತೆಯೇ ಆಯಿತು. ಮಕ್ಕಳಿಗೆ ಇದು ಥಟ್ಟನೆ ತಿಳಿಯುತ್ತದೆ.

ವಿಶ್ವಸಂಸ್ಥೆ 2009ರಲ್ಲಿ ಒಪ್ಪಿದ ಪರ್ಯಾಯ ಪಾಲನೆಯ (ಹೆತ್ತವರ ಬದಲು ಬೇರೆಯವರು ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆಯ) ಮಾರ್ಗಸೂಚಿಗಳು ಎರಡು ವಿಷಯ ಹೇಳುತ್ತವೆ: ಈ ಮಕ್ಕಳು ಸಾಧ್ಯವಾದಷ್ಟೂ ಊರಿನ ಎಲ್ಲರ ಶಾಲೆಯಲ್ಲೇ ಕಲಿಯಬೇಕು, ಅವರ ಮೇಲೆ ಕಳಂಕದ ಗುರುತು ಬೀಳಬಾರದು. ‘ಹಾಸ್ಟೆಲ್ ಮಕ್ಕಳು ಎದ್ದು ನಿಲ್ಲಿ’ ಎನ್ನುವುದು ಆ ಗುರುತೇ. ವಂಶವೃಕ್ಷ ಬರೆದು ತರುವ ಮನೆಗೆಲಸ ಕೊಡುವಾಗ, ತನಗೆ ಮುಖ್ಯರಾದ ಯಾರ ಬಗ್ಗೆಯಾದರೂ ಬರೆಯಲು ಎಲ್ಲರಿಗೂ ಅವಕಾಶವಿರಲಿ. ಪೋಷಕರ ಸಭೆಗೆ ಗೃಹದಿಂದ ಯಾರು ಬರುತ್ತಾರೆಂದು ಮೊದಲೇ ಮಗುವಿಗೆ ತಿಳಿದಿರಲಿ. ಮಗುವಿನ ಹಿನ್ನೆಲೆ ಅಗತ್ಯವಿರುವವರಿಗಷ್ಟೇ, ಅಗತ್ಯವಿದ್ದಷ್ಟೇ ಗೊತ್ತಾಗಲಿ. ಶಿಕ್ಷಕರ ಕೊಠಡಿಯ ಹರಟೆಗೆ ಅದು ವಸ್ತುವಲ್ಲ.

ಕೊನೆಯದಾಗಿ, ಹದಿನೇಳು ಹದಿನೆಂಟರ ವಯಸ್ಸಿನವರು. ಓದಿನ ಅತಿ ಮುಖ್ಯ ಪರೀಕ್ಷೆ ಮತ್ತು ಗೃಹ ಬಿಡಬೇಕಾದ ದಿನ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ಮುಂದೆ ಎಲ್ಲಿ ಮಲಗುವುದು ಎಂಬ ಚಿಂತೆಯಲ್ಲಿ ತ್ರಿಕೋನಮಿತಿ ತಲೆಗೆ ಹತ್ತುವುದಿಲ್ಲ. ಹೀಗಾಗಿ ಪರೀಕ್ಷೆಗೆ ಒಂದು ವರ್ಷ ಮೊದಲೇ ಗೃಹದವರನ್ನು ಕೂರಿಸಿಕೊಂಡು ಮಾತಾಡಿ: ಫಲಿತಾಂಶದ ದಿನ ಈ ಹುಡುಗಿ ಎಲ್ಲಿರುತ್ತಾಳೆ, ಮುಂದಿನ ಕೋರ್ಸಿನ ಅರ್ಜಿಗೆ ಸಹಿ ಯಾರದು, ಶುಲ್ಕ ಯಾರದು? ಅವಳ ಪ್ರಮಾಣಪತ್ರಗಳ ಒಂದು ಪ್ರತಿ ಶಾಲೆಯಲ್ಲಿರಲಿ. ಅದನ್ನು ಕೇಳಿಕೊಂಡು ಬಂದಾಗ ಯಾರನ್ನು ಕಾಣಬೇಕೆಂದು ಅವಳಿಗೆ ಹೆಸರು ಹಿಡಿದು ಹೇಳಿರಿ.

ಪ್ರಶ್ನೆಗಳಿದ್ದರೆ ಈಗ ಕೇಳಬಹುದು.