ಆಲೂಗಡ್ಡೆ ಬೆಳೆಯುವ ಊರಿಗೇ ಆಲೂಗಡ್ಡೆ ಲಾರಿ: ಫುಡ್ ಬ್ಯಾಂಕ್‌ಗಳು ಹರಾಜು ಶುರು ಮಾಡಿದ್ದು ಯಾಕೆ?

ನಮಸ್ಕಾರ. ಅಮೆರಿಕದಲ್ಲಿ ಐಡಾಹೋ ಅಂತ ಒಂದು ರಾಜ್ಯ ಇದೆ. ಅಲ್ಲಿ ಆಲೂಗಡ್ಡೆ ಎಷ್ಟು ಬೆಳೆಯುತ್ತಾರೆ ಅಂದರೆ, ಗಾಡಿಗಳ ನಂಬರ್ ಪ್ಲೇಟ್ ಮೇಲೂ ‘ಫೇಮಸ್ ಪೊಟೇಟೋಸ್’ ಅಂತ ಬರೆದಿರುತ್ತದೆ. 2005ಕ್ಕಿಂತ ಮುಂಚೆ, ಅಲ್ಲಿನ ಬಡವರಿಗೆ ಹಂಚಲಿ ಅಂತ ಆಹಾರ ದಾನದ ಲೋಡ್ ಹೋಗುತ್ತಿತ್ತು. ಅದರಲ್ಲಿ ಏನಿರುತ್ತಿತ್ತು ಗೊತ್ತಾ? ಆಲೂಗಡ್ಡೆ. ಬ್ಯಾಡಗಿಗೆ ಮೆಣಸಿನಕಾಯಿ ಲೋಡ್ ಕಳಿಸಿದ ಹಾಗೆ.

ಕಳಿಸಿದವರು ದಡ್ಡರಲ್ಲ. ಮನಸ್ಸೂ ಒಳ್ಳೆಯದೇ. ಆಹಾರ ಇತ್ತು, ಲಾರಿ ಇತ್ತು, ಹಸಿದವರೂ ಇದ್ದರು. ಆದರೂ ಹೀಗಾಗುತ್ತಿತ್ತು. ಇದು ಯಾಕೆ ಆಗುತ್ತಿತ್ತು, ಆಮೇಲೆ ಹೇಗೆ ಸರಿಮಾಡಿದರು ಅನ್ನೋದು ಇವತ್ತಿನ ವಿಡಿಯೋ. ಕೊನೆಗೆ ನಮ್ಮ ರೇಷನ್ ಅಂಗಡಿಗೂ ಬರುತ್ತೇನೆ, ಅರ್ಧಕ್ಕೆ ಹೋಗಬೇಡಿ.

[ಪರದೆ ಮೇಲೆ: 1967, ಫೀನಿಕ್ಸ್, ಅರಿಝೋನಾ]

ಮೊದಲು ಫುಡ್ ಬ್ಯಾಂಕ್ ಹುಟ್ಟಿದ ಕಥೆ. 1960ರ ದಶಕ, ಫೀನಿಕ್ಸ್ ಊರು. ಜಾನ್ ವ್ಯಾನ್ ಹೆಂಗೆಲ್ ಅನ್ನುವವರು ಬಡವರಿಗೆ ಊಟ ಹಾಕುವ ಒಂದು ಜಾಗದಲ್ಲಿ ಸಂಬಳ ಇಲ್ಲದೆ ಸೇವೆ ಮಾಡುತ್ತಿದ್ದರು. ತೋಟಗಳಲ್ಲಿ ಕೀಳದೆ ಬಿಟ್ಟ ಹಣ್ಣನ್ನು ಕೇಳಿ ತಂದು ಅಡುಗೆಮನೆಗೆ ಕೊಡುತ್ತಿದ್ದರು. ಅಲ್ಲಿ ಅವರಿಗೆ ಹತ್ತು ಮಕ್ಕಳ ತಾಯಿಯೊಬ್ಬರ ಪರಿಚಯ ಆಯಿತು. ಮಕ್ಕಳ ಹೊಟ್ಟೆಗೆ ಹೇಗೆ ಹೊಂದಿಸುತ್ತೀರಿ ಅಂದರೆ, ಅಂಗಡಿಗಳ ಹಿಂದಿರುವ ಕಸದ ಡಬ್ಬಿಯಿಂದ ಅಂದರು. ತಿನ್ನೋಕೆ ಏನೂ ತೊಂದರೆ ಇಲ್ಲದ, ಆದರೆ ಮಾರೋಕೆ ಆಗಲ್ಲ ಅಂತ ಅಂಗಡಿಯವರು ಎಸೆದ ಸಾಮಾನು ಅಲ್ಲಿ ಬೇಕಾದಷ್ಟು ಸಿಗುತ್ತಿತ್ತು. ದುಡ್ಡಿಗೆ ಬ್ಯಾಂಕ್ ಇರುವ ಹಾಗೆ ಆಹಾರಕ್ಕೂ ಒಂದು ಇದ್ದರೆ, ಹೆಚ್ಚಾದವರು ತಂದು ಇಡಬಹುದು, ಇಲ್ಲದವರು ತೆಗೆದುಕೊಂಡು ಹೋಗಬಹುದು ಅಂತಲೂ ಅವರೇ ಹೇಳಿದರಂತೆ. ಗಮನಿಸಿ, ಐಡಿಯಾ ಬಂದಿದ್ದು ಹಸಿವು ಕಂಡ ಅಮ್ಮನಿಂದ. ಇದು ಮುಂದೆಯೂ ಬೇಕಾಗುತ್ತೆ, ನೆನಪಿಟ್ಟುಕೊಳ್ಳಿ.

ಅಲ್ಲಿನ ಸೇಂಟ್ ಮೇರೀಸ್ ಚರ್ಚ್ ಒಂದು ಹಳೇ ಕಟ್ಟಡವನ್ನೂ 3000 ಡಾಲರ್ ಹಣವನ್ನೂ ಕೊಟ್ಟಿತು. 1967ರಲ್ಲಿ ಸೇಂಟ್ ಮೇರೀಸ್ ಫುಡ್ ಬ್ಯಾಂಕ್ ಶುರುವಾಯಿತು. ಮೊದಲ ವರ್ಷವೇ 2,75,000 ಪೌಂಡ್, ಅಂದರೆ ಹತ್ತಿರ ಹತ್ತಿರ 125 ಟನ್ ಆಹಾರ ಹಂಚಿದರು. ಇದನ್ನು ನೋಡಿ ಬೇರೆ ಊರಿನವರೂ ಶುರು ಮಾಡಿದರು. 1979ರಲ್ಲಿ ಎಲ್ಲವನ್ನೂ ಜೋಡಿಸಿ ‘ಸೆಕೆಂಡ್ ಹಾರ್ವೆಸ್ಟ್’ ಅಂತ ಒಂದು ಜಾಲ ಆಯಿತು. ಅದೇ ಇವತ್ತಿನ ‘ಫೀಡಿಂಗ್ ಅಮೆರಿಕಾ’. ಸುಮಾರು 200 ಫುಡ್ ಬ್ಯಾಂಕ್‌ಗಳು ಇದರಡಿ ಬರುತ್ತವೆ.

ಫುಡ್ ಬ್ಯಾಂಕ್ ಅಂದರೆ ಸಾಮಾನ್ಯವಾಗಿ ದೊಡ್ಡ ಗೋಡೌನ್. ಬಡ ಕುಟುಂಬಗಳು ಹೆಚ್ಚಾಗಿ ಅಲ್ಲಿಗೆ ನೇರವಾಗಿ ಹೋಗುವುದಿಲ್ಲ. ಗೋಡೌನ್‌ನಿಂದ ಸಾಮಾನು ಬಡಾವಣೆಯ ಚರ್ಚಿಗೆ, ಶಾಲೆಗೆ, ಸಣ್ಣ ಸಣ್ಣ ಹಂಚುವ ಕೇಂದ್ರಗಳಿಗೆ ಹೋಗುತ್ತದೆ. ಜನ ಅಲ್ಲಿ ತೆಗೆದುಕೊಳ್ಳುತ್ತಾರೆ.

[ಪರದೆ ಮೇಲೆ: ಫೋನ್, ಸರದಿ ಪಟ್ಟಿ, ಲಾರಿ]

ಈಗ ಆಲೂಗಡ್ಡೆ ವಿಷಯಕ್ಕೆ ಬರೋಣ. ಒಂದು ದೊಡ್ಡ ಕಂಪನಿ ಷಿಕಾಗೋದಲ್ಲಿರುವ ಈ ಜಾಲದ ಕೇಂದ್ರ ಕಚೇರಿಗೆ ಫೋನ್ ಮಾಡಿ ‘ನಮ್ಮ ಹತ್ತಿರ ಒಂದು ಲೋಡ್ ಇದೆ, ತಗೊಳ್ಳಿ’ ಅನ್ನುತ್ತದೆ ಅಂದುಕೊಳ್ಳಿ. ಕಚೇರಿಯಲ್ಲಿ ಒಂದು ಸರದಿ ಪಟ್ಟಿ ಇತ್ತು. ಯಾರ ಪಾಳಿಯೋ ಆ ಫುಡ್ ಬ್ಯಾಂಕಿಗೆ ತಿಳಿಸುತ್ತಿದ್ದರು. ಬೇಕೋ ಬೇಡವೋ ಹೇಳೋಕೆ ಕೆಲವು ಗಂಟೆ ಟೈಮ್. ಬೇಡ ಅಂದರೆ ಮುಂದಿನವರಿಗೆ. ಯಾವ ಊರಿನಲ್ಲಿ ಬಡವರು ಜಾಸ್ತಿಯೋ ಅವರ ಪಾಳಿ ಬೇಗ ಬರುವ ಹಾಗೆ ಲೆಕ್ಕವನ್ನೂ ಹಾಕಿದ್ದರು. ಕೇಳೋಕೆ ನ್ಯಾಯವಾಗಿಯೇ ಇದೆ, ಅಲ್ವಾ?

ತೊಂದರೆ ಏನಂದರೆ, ಷಿಕಾಗೋದಲ್ಲಿ ಕೂತವರಿಗೆ ಐಡಾಹೋ ಗೋಡೌನ್‌ನಲ್ಲಿ ಆಗಲೇ ಏನು ತುಂಬಿದೆ ಅಂತ ಗೊತ್ತಿರಲಿಲ್ಲ. ಊರಿನ ರೈತರು ಕೊಟ್ಟಿದ್ದು, ಪಕ್ಕದ ಸೂಪರ್ ಮಾರ್ಕೆಟ್‌ನವರು ಕೊಟ್ಟಿದ್ದು ಯಾವುದೂ ಇವರ ಲೆಕ್ಕಕ್ಕೆ ಬರುತ್ತಿರಲಿಲ್ಲ. ಇವರ ಲೆಕ್ಕದಲ್ಲಿ ಆಹಾರ ಅಂದರೆ ತೂಕ ಅಷ್ಟೇ. ಒಂದು ಪೌಂಡ್ ಪಾಸ್ತಾನೂ ಒಂದೇ, ಒಂದು ಪೌಂಡ್ ಆಲೂಗಡ್ಡೆನೂ ಒಂದೇ. ಅದರ ಮೇಲೆ ಸಾಗಾಣಿಕೆ ಖರ್ಚು ತೆಗೆದುಕೊಳ್ಳುವವರದ್ದು. ಇನ್ನೊಂದು ಕಡೆ, ಬೇಡ ಅನ್ನೋಕೂ ಮುಜುಗರ. ದಾನ ಕೊಟ್ಟದ್ದನ್ನು ಬೇಡ ಅಂದರೆ ಚೆನ್ನಾಗಿರುತ್ತಾ? ಸಿಕ್ಕಿದ್ದು ಬಿಡೋದ್ಯಾಕೆ ಅಂತ ತರಿಸಿಕೊಂಡು, ಇಟ್ಟುಕೊಳ್ಳೋಕೂ ಆಗದೆ ಹಂಚೋಕೂ ಆಗದೆ ಒದ್ದಾಡುತ್ತಿದ್ದರು.

2004ರಲ್ಲಿ ಕೆಲವು ಫುಡ್ ಬ್ಯಾಂಕ್ ನಿರ್ದೇಶಕರನ್ನೂ ಷಿಕಾಗೋ ವಿಶ್ವವಿದ್ಯಾಲಯದ ನಾಲ್ಕು ಜನ ಪ್ರಾಧ್ಯಾಪಕರನ್ನೂ ಸೇರಿಸಿ ಒಂದು ತಂಡ ಮಾಡಿದರು. ಅವರಲ್ಲಿ ಒಬ್ಬರು ಅರ್ಥಶಾಸ್ತ್ರಜ್ಞ ಕ್ಯಾನಿಸ್ ಪ್ರೆಂಡರ್‌ಗಾಸ್ಟ್. ಪ್ರಾಧ್ಯಾಪಕರು ಹೇಳಿದ ಉಪಾಯ: ಹರಾಜು ಹಾಕೋಣ.

ಬಡವರ ಊಟಕ್ಕೆ ಹರಾಜಾ? ಕೆಲವರಿಗೆ ಸಿಟ್ಟು ಬಂತು. ಮಿಷಿಗನ್‌ನ ಒಬ್ಬ ನಿರ್ದೇಶಕರು ತಾನು ಸಮಾಜವಾದಿ, ಮಾರುಕಟ್ಟೆ ಮೇಲೆ ನಂಬಿಕೆಯೇ ಇಲ್ಲ ಅಂತ ಮುಖಕ್ಕೆ ಹೇಳಿಬಿಟ್ಟರು. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ.

ಆದರೆ ಈ ಹರಾಜಿನಲ್ಲಿ ನಿಜವಾದ ದುಡ್ಡು ಇಲ್ಲ. ಅಲ್ಲೇ ಇರೋದು ಬುದ್ಧಿವಂತಿಕೆ. ನಿಜವಾದ ದುಡ್ಡಾದರೆ ಶ್ರೀಮಂತ ಊರಿನ ಫುಡ್ ಬ್ಯಾಂಕೇ ಎಲ್ಲ ಬಾಚಿಕೊಳ್ಳುತ್ತೆ. ಅದಕ್ಕೆ ‘ಶೇರ್’ ಅಂತ ಒಂದು ಆಟದ ದುಡ್ಡು ಮಾಡಿದರು. ಬಡವರು ಜಾಸ್ತಿ ಇರುವ ಕಡೆಗೆ ಜಾಸ್ತಿ ಶೇರ್. ದಿನಕ್ಕೆ ಎರಡು ಸಲ ಹರಾಜು. ಯಾವ ಲೋಡ್ ಎಲ್ಲಿದೆ ಅಂತ ಕಂಪ್ಯೂಟರ್‌ನಲ್ಲಿ ಪಟ್ಟಿ ಬರುತ್ತೆ, ಎಷ್ಟು ಶೇರ್ ಕೊಡುತ್ತೀವಿ ಅಂತ ಗುಟ್ಟಾಗಿ ಬರೆದು ಕಳಿಸಬೇಕು, ಜಾಸ್ತಿ ಬರೆದವರಿಗೆ ಲೋಡ್. ಇವತ್ತು ಖರ್ಚಾದ ಶೇರ್‌ಗಳನ್ನೆಲ್ಲ ರಾತ್ರಿ ಮತ್ತೆ ಎಲ್ಲರಿಗೂ ಹಂಚಿಬಿಡುತ್ತಾರೆ. ಹಾಗಾಗಿ ಯಾರ ಖಾತೆಯೂ ಪೂರ್ತಿ ಬರಿದಾಗಿ ಉಳಿಯುವುದಿಲ್ಲ. ಸಣ್ಣ ಫುಡ್ ಬ್ಯಾಂಕುಗಳಿಗೆ ಸಾಲವೂ ಇತ್ತು, ಬಡ್ಡಿ ಇಲ್ಲ. ದಿನಾ ಕಂಪ್ಯೂಟರ್ ಮುಂದೆ ಕೂರೋಕೆ ಆಳಿಲ್ಲ ಅನ್ನುವವರ ಪರವಾಗಿ ಬೇರೆಯವರು ಕೂಗಬಹುದಿತ್ತು.

2005ರ ಜುಲೈನಲ್ಲಿ ಇದು ಶುರುವಾಯಿತು. ಬೆಲೆಗಳು ಹೊರಬಿದ್ದಾಗ ತಮಾಷೆ ನೋಡಿ. ತಾಜಾ ತರಕಾರಿಗೆ ಹೆಚ್ಚುಕಡಿಮೆ ಬೆಲೆಯೇ ಇಲ್ಲ. ಪಾಸ್ತಾ, ಪೀನಟ್ ಬಟರ್, ಬೆಳಗಿನ ತಿಂಡಿಯ ಸೀರಿಯಲ್ ಇವಕ್ಕೆ ಅದರ ಎಷ್ಟೋ ಪಟ್ಟು ಬೆಲೆ. ಕಾರಣ ಸರಳ. ತರಕಾರಿ ದಾನವಾಗಿ ಬೇಕಾದಷ್ಟು ಬರುತ್ತೆ, ಎರಡು ದಿನಕ್ಕೆ ಕೊಳೆಯುತ್ತೆ. ಪಾಸ್ತಾ ತಿಂಗಳುಗಟ್ಟಲೆ ಕೆಡುವುದಿಲ್ಲ, ಕೆಲಸದಿಂದ ಸುಸ್ತಾಗಿ ಬಂದವರು ಹತ್ತು ನಿಮಿಷದಲ್ಲಿ ಬೇಯಿಸಬಹುದು, ಮಕ್ಕಳೂ ತಿನ್ನುತ್ತಾರೆ. ಕೆಲವು ಲೋಡ್‌ಗಳ ಬೆಲೆ ಸೊನ್ನೆಗಿಂತ ಕೆಳಗೆ ಹೋಯಿತು! ಅಂದರೆ ‘ದಯವಿಟ್ಟು ಇದನ್ನು ಯಾರಾದರೂ ಎತ್ತಿಕೊಂಡು ಹೋಗಿ, ನಾವೇ ಮೇಲೆ ಶೇರ್ ಕೊಡುತ್ತೇವೆ’ ಅಂತ.

ಊರಿನಲ್ಲೇ ಒಳ್ಳೆ ದಾನಿಗಳಿರುವ ಫುಡ್ ಬ್ಯಾಂಕ್‌ಗಳು ಶೇರ್ ಕೂಡಿಟ್ಟು ಪೀನಟ್ ಬಟರ್ ತರಹದ ದುಬಾರಿ ಲೋಡ್ ಮಾತ್ರ ಎತ್ತಿಕೊಂಡವು. ಏನೂ ಇಲ್ಲದ ಕಡೆಯವರು ಅಷ್ಟೇ ಶೇರ್‌ನಲ್ಲಿ ಅಗ್ಗದ ಸಾಮಾನು ರಾಶಿ ರಾಶಿ ತೆಗೆದುಕೊಂಡರು. ಇಬ್ಬರಿಗೂ ಲಾಭ. ಲೋಡ್ ಬೇಗ ವಿಲೇವಾರಿ ಆಗುತ್ತೆ ಅಂತ ಕೊಡುವ ಕಂಪನಿಗಳೂ ಇನ್ನೂ ಜಾಸ್ತಿ ಕೊಡತೊಡಗಿದವು. ಆ ಸಿಟ್ಟಿನ ಸಮಾಜವಾದಿ ನಿರ್ದೇಶಕರೂ ಕೊನೆಗೆ ಒಪ್ಪಿದರು.

ಇದರಿಂದ ಅಮೆರಿಕದಲ್ಲಿ ಬಡತನ ಹೋಯಿತಾ? ಇಲ್ಲ. ಸಂಬಳ ಕಡಿಮೆ, ಬಾಡಿಗೆ ಜಾಸ್ತಿ ಇರುವ ತನಕ ಫುಡ್ ಬ್ಯಾಂಕ್ ಮುಂದೆ ಸಾಲು ಇದ್ದೇ ಇರುತ್ತೆ. ಅದು ಬೇರೆ ವಿಡಿಯೋ.

[ಪರದೆ ಮೇಲೆ: ನ್ಯಾಯಬೆಲೆ ಅಂಗಡಿ]

ಈಗ ನಮ್ಮ ಕಡೆ. ನಮ್ಮಲ್ಲಿ ಹಸಿವಿಗೆ ದೊಡ್ಡ ಆಸರೆ ದಾನದ ಗೋಡೌನ್ ಅಲ್ಲ, ರೇಷನ್ ಕಾರ್ಡ್. ಸಾಲಿನಲ್ಲಿ ನಿಂತು, ಹೆಬ್ಬೆಟ್ಟು ಒತ್ತಿ, ಸರ್ವರ್ ಇಲ್ಲ ಅಂದರೆ ಮತ್ತೆ ನಾಳೆ ಬಂದು, ಚೀಲದಲ್ಲಿ ಅಕ್ಕಿ ತರುತ್ತೀವಿ. 2013ರಲ್ಲಿ ಅನ್ನಭಾಗ್ಯ ಬಂದಾಗ ಎಷ್ಟೋ ಮನೆಗಳಲ್ಲಿ ತಿಂಗಳ ಕೊನೆಯ ಚಿಂತೆ ಕಡಿಮೆ ಆಯಿತು. ಇದನ್ನು ಗೇಲಿ ಮಾಡುವವರ ಜೊತೆ ನಾನಿಲ್ಲ. ಹೊಟ್ಟೆ ತುಂಬಿದವರಿಗೆ ಗೇಲಿ ಸುಲಭ.

ಆದರೆ ರಾಯಚೂರು, ವಿಜಯಪುರದ ಕಡೆ ದಿನಾ ಬೇಕಾಗೋದು ಜೋಳದ ರೊಟ್ಟಿ. ಮಂಡ್ಯ, ತುಮಕೂರಿನ ಕಡೆ ಮುದ್ದೆ. ಕೆಲವು ಜಿಲ್ಲೆಗಳಲ್ಲಿ ಅಕ್ಕಿ ಜೊತೆ ರಾಗಿ ಅಥವಾ ಜೋಳ ಕೊಟ್ಟಿದ್ದಾರೆ, ಒಳ್ಳೆಯದು. ಉಳಿದಂತೆ ಮುಖ್ಯವಾಗಿ ಅಕ್ಕಿ. 2023ರಲ್ಲಿ ತಲೆಗೆ 10 ಕೆಜಿ ಅಂತ ಆಯಿತು. ಕೇಂದ್ರದಿಂದ ಹೆಚ್ಚಿನ ಅಕ್ಕಿ ಕೊಳ್ಳೋಕೆ ಸಿಗಲಿಲ್ಲ. ಆಗ ರಾಜ್ಯದವರು 5 ಕೆಜಿ ಬದಲು ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿದರು. 2025ರಲ್ಲಿ ಮತ್ತೆ ಅಕ್ಕಿ ಬಂತು. ಐದು ಜನರ ಮನೆಗೆ ತಿಂಗಳಿಗೆ 50 ಕೆಜಿ. ಬೇಳೆ ಎಲ್ಲಿ, ಎಣ್ಣೆ ಎಲ್ಲಿ? ಅಂಗಡಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ತಕ್ಕಡಿ ಇಟ್ಟುಕೊಂಡು ಕೂತವನಿಗೆ ಒಂದಷ್ಟು ಅಕ್ಕಿ ಮಾರಿ, ಆ ದುಡ್ಡಿನಲ್ಲಿ ಎಣ್ಣೆ ಪಾಕೆಟ್ ತಂದವರನ್ನು ನೀವೂ ನೋಡಿರುತ್ತೀರಿ. ಕಾನೂನಿನ ಪ್ರಕಾರ ಅದು ತಪ್ಪು. ಆದರೆ ಅವರು ಮಾಡುತ್ತಿರೋದು ಹರಾಜಿನಲ್ಲಿ ಫುಡ್ ಬ್ಯಾಂಕ್‌ನವರು ಮಾಡಿದ್ದನ್ನೇ. ಜಾಸ್ತಿ ಇದ್ದದ್ದನ್ನು ಕೊಟ್ಟು ಇಲ್ಲದ್ದನ್ನು ತೆಗೆದುಕೊಳ್ಳೋದು. ವ್ಯತ್ಯಾಸ ಇಷ್ಟೇ, ನಡುವೆ ತಕ್ಕಡಿಯವನು ಲಾಭ ಹೊಡೆಯುತ್ತಾನೆ.

2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಹೆಚ್ಚುವರಿ 5 ಕೆಜಿ ಅಕ್ಕಿ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಕಿಟ್ ಕೊಡೋಣ ಅಂತ ತೀರ್ಮಾನ ಮಾಡಿತು. ನನ್ನ ಪ್ರಕಾರ ದಿಕ್ಕು ಸರಿ ಇದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಕ್ಕಿ ಬೇಕಾ, ಜೋಳ ಬೇಕಾ, ಬೇಳೆ ಬೇಕಾ ಅಂತ ಆರಿಸೋದನ್ನು ಕಾರ್ಡ್‌ದಾರರಿಗೇ ಬಿಟ್ಟರೆ? ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮೆಷಿನ್‌ಗೆ ಇದು ಕಷ್ಟದ ಕೆಲಸ ಅಂತ ನನಗೆ ಅನಿಸಲ್ಲ. ಸಾಮಾನು ಮುಂಚೆಯೇ ದಾಸ್ತಾನು ಮಾಡೋದು ಕಷ್ಟ, ಅದು ನಿಜ.

ನಿಮ್ಮ ಅಪಾರ್ಟ್‌ಮೆಂಟ್‌ನಲ್ಲೋ ಆಫೀಸಿನಲ್ಲೋ ಕಿಟ್ ಹಂಚುವ ಯೋಚನೆ ಇದ್ದರೆ, ಅಕ್ಕಿ ಮೂಟೆ ಆರ್ಡರ್ ಮಾಡುವ ಮುಂಚೆ ತೆಗೆದುಕೊಳ್ಳುವವರಿಗೆ ಒಂದು ಫೋನ್ ಮಾಡಿ. ಬಿಹಾರದಿಂದ ಬಂದ ಕಟ್ಟಡ ಕೆಲಸದವರಿಗೆ ಗೋಧಿ ಹಿಟ್ಟು ಬೇಕಿರಬಹುದು. ಅನಾಥಾಶ್ರಮದಲ್ಲಿ ಅಕ್ಕಿ ಆಗಲೇ ತುಂಬಿದ್ದು, ಅವರಿಗೆ ಬೇಕಾಗಿರೋದು ಗ್ಯಾಸ್ ಸಿಲಿಂಡರ್ ದುಡ್ಡೋ, ಸ್ಯಾನಿಟರಿ ಪ್ಯಾಡೋ ಇರಬಹುದು. ಹುಟ್ಟುಹಬ್ಬಕ್ಕೆ ಕೇಕ್ ಕಟ್ ಮಾಡಿ ಫೋಟೋ ಹಾಕೋರು ಇದನ್ನು ಕೇಳುವುದೇ ಇಲ್ಲ.

ನಿಮ್ಮ ಊರಿನ ನ್ಯಾಯಬೆಲೆ ಅಂಗಡಿಯಲ್ಲಿ ಈ ತಿಂಗಳು ಏನು ಸಿಕ್ಕಿತು? ಬರೀ ಅಕ್ಕಿನಾ, ರಾಗಿ ಬಂತಾ, ಜೋಳ ಬಂತಾ? ಅದರ ಬದಲು ಏನು ಸಿಕ್ಕಿದ್ದರೆ ನಿಮ್ಮ ಮನೆಗೆ ಅನುಕೂಲ ಆಗುತ್ತಿತ್ತು? ತಾಲ್ಲೂಕಿನ ಹೆಸರು ಹಾಕಿ ಕಮೆಂಟ್ ಮಾಡಿ, ಜಿಲ್ಲಾವಾರು ಸೇರಿಸಿ ಮುಂದಿನ ವಿಡಿಯೋದಲ್ಲಿ ತೋರಿಸುತ್ತೇನೆ.