ಕ್ವಾರ್ಟರ್‌ಬ್ಯಾಕಾ, ಲೈನಾ? ಅಪ್ಪನ ಜೊತೆ ಸಿನ್ಸಿನಾಟಿ ಸ್ಟೇಡಿಯಂಗೆ

ಹಾಂ, ನಮಸ್ಕಾರ. ಈಚೆ ಕೆಂಟಕಿ, ಮಧ್ಯ ಓಹಾಯೋ ನದಿ, ಆಚೆ ಕಾಣ್ತದಲ್ಲ, ಅದು ಸಿನ್ಸಿನಾಟಿ. ಅಲ್ಲಿಯ ಅಮೆರಿಕನ್ ಫುಟ್‌ಬಾಲ್ ಟೀಮ್ ಬೆಂಗಾಲ್ಸ್‌ನ ಆಟ ನೋಡ್ಲಿಕ್ಕೆ ಹೊರಟಿದ್ದೇವೆ. ಹಿಂದೆ ನಿಧಾನಕ್ಕೆ ಬರ್ತಿರುವವರು ನಮ್ಮ ಅಪ್ಪ, ಪುತ್ತೂರಿಂದ ಬಂದಿದ್ದಾರೆ. ಟೀಮಿನ ಆರೆಂಜ್ ಜರ್ಸಿ ನಾನೇ ಒತ್ತಾಯ ಮಾಡಿ ಹಾಕಿಸಿದ್ದು, ಮುಖ ನೋಡಿದ್ರೆ ಗೊತ್ತಾಗ್ತದೆ.

ವಿಡಿಯೋದಲ್ಲಿ ಮನೆಯಿಂದ ಹೊರಟದ್ದೆಲ್ಲ ಕಟ್ ಮಾಡಿದ್ದೇನೆ. ಈ ಪಾರ್ಕಿಂಗ್ ಮಾತ್ರ ಕಟ್ ಮಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ ಮಾರಾಯ್ರೆ. ಬೋರ್ಡ್ ನೋಡಿ, 20 ಡಾಲರ್ ಅಂತ ಉಂಟಲ್ಲ? ಒಳಗೆ ಹೋಗಿ, ಕಾರು ನಿಲ್ಸಿ, ಫೋನಲ್ಲಿ ಸ್ಕ್ಯಾನ್ ಮಾಡಿದ ಮೇಲೆ ಬರ್ತದೆ, "ಆಟದ ದಿನದ ದರ" 60! ಅದರ ಮೇಲೆ ಕನ್ವೀನಿಯೆನ್ಸ್ ಫೀ ಅಂತ ಇನ್ನೊಂದು ಐದು ಡಾಲರ್. ಯಾರಿಗೆ ಕನ್ವೀನಿಯೆನ್ಸ್? ಸ್ಕ್ಯಾನ್ ಮಾಡಿದ್ದು ನಾನು, ನಂಬರ್ ಪ್ಲೇಟ್ ಟೈಪ್ ಮಾಡಿದ್ದು ನಾನು, ಅಲ್ಲಿ ಒಂದು ನರಪಿಳ್ಳೆ ಇಲ್ಲ. ಹೊರಗೆ ಹೋಗುವ ಅಂದ್ರೆ ಹಿಂದೆ ಕಾರುಗಳ ಸಾಲು. ಅಪ್ಪ ಅಲ್ಲೇ ರೂಪಾಯಿ ಲೆಕ್ಕ ಹಾಕಿದ್ರು. ಐದು ಸಾವಿರದ ಮೇಲೆ ಹೋಯ್ತು. "ಐದು ಸಾವಿರ ಕೊಟ್ಟು ಕಾರು ಬಿಸಿಲಲ್ಲಿ ನಿಲ್ಸುದಾ? ನೆರಳಾದ್ರೂ ಬೇಡ್ವಾ ಮಾರಾಯ?" ಅಂದ್ರು. ನನ್ನ ಹತ್ರ ಉತ್ತರ ಇಲ್ಲ.

ಇದು ರೋಬ್ಲಿಂಗ್ ತೂಗುಸೇತುವೆ. 1867ರಲ್ಲಿ ಗಾಡಿಗಳಿಗೆ ಬಿಟ್ಟದ್ದು. ನ್ಯೂಯಾರ್ಕಿನ ಬ್ರೂಕ್ಲಿನ್ ಬ್ರಿಡ್ಜ್ ಡಿಸೈನ್ ಮಾಡಿದ ಜಾನ್ ರೋಬ್ಲಿಂಗೇ ಇದನ್ನು ಅದಕ್ಕಿಂತ ಮೊದಲು ಕಟ್ಟಿದ್ದು. ಕಬ್ಬಿಣದ ಜಾಲರಿ ಮೇಲೆ ಕಾರು ಹೋದ್ರೆ ಗುಂಯ್ ಅಂತದೆ. ನಾನು ಅಲ್ಲಿ ಮಾತಾಡಿದ್ದು ಒಂದಕ್ಷರ ಕೇಳ್ಲಿಲ್ಲ, ಅದಕ್ಕೇ ಈಗ ಮನೆಯಲ್ಲಿ ಕೂತು ವಿಡಿಯೋದ ಮೇಲಿಂದ ಮಾತಾಡ್ತಿದ್ದೇನೆ.

ಸೇತುವೆ ಉದ್ದಕ್ಕೂ ನಮ್ಮಿಬ್ಬರದ್ದು ಒಂದೇ ಜಗಳ. ಸೋತು ಸೋತು ಕೆಳಗೆ ಬಿದ್ದ ಟೀಮಿಗೆ ಡ್ರಾಫ್ಟ್‌ನಲ್ಲಿ, ಅಂದ್ರೆ ವರ್ಷಕ್ಕೊಮ್ಮೆ ಟೀಮುಗಳು ಸರದಿಯಲ್ಲಿ ಕಾಲೇಜಿನ ಹೊಸ ಆಟಗಾರರನ್ನು ಆರಿಸುವಾಗ, ಮೇಲಿನ ಆಯ್ಕೆ ಸಿಗ್ತದೆ. ಆಗ ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ತಗೊಳ್ಬೇಕಾ, ಎದುರು ನಿಂತು ಅವನನ್ನು ಕಾಯುವ ಐದು ಜನರ ಲೈನ್ ಗಟ್ಟಿ ಮಾಡ್ಬೇಕಾ? ನಾನು ಹೇಳುದು ಕ್ವಾರ್ಟರ್‌ಬ್ಯಾಕ್, ಮತ್ತೆಂತ! ಬೆಂಗಾಲ್ಸ್ 2019ರಲ್ಲಿ 16 ಆಟದಲ್ಲಿ 14 ಸೋತಿತು. 2020ರ ಮೊದಲ ಆಯ್ಕೆ ಜೋ ಬರೋ ಎಂಬ ಕ್ವಾರ್ಟರ್‌ಬ್ಯಾಕ್. ಎರಡೇ ಸೀಸನ್, ಟೀಮ್ ಸೂಪರ್ ಬೌಲ್‌ನಲ್ಲಿ, ಅಂದ್ರೆ ಫೈನಲ್‌ನಲ್ಲಿ. ಲೈನಿಗೆ ಜನ ದುಡ್ಡು ಕೊಟ್ರೆ ಸಿಗ್ತಾರೆ, ಒಳ್ಳೆ ಕ್ವಾರ್ಟರ್‌ಬ್ಯಾಕನ್ನು ಯಾರೂ ಮಾರುದಿಲ್ಲ.

ಅಪ್ಪನಿಗೆ ಇಲ್ಲಿ ಬಂದ ಮೇಲೆ ಟಿವಿಯಲ್ಲಿ ನೋಡಿದ್ದಷ್ಟೇ ಗೊತ್ತು. ಆದ್ರೂ ಕೇಳಿದ್ರು, "ಆ ದಪ್ಪದ ಐದು ಜನ ಉಂಟಲ್ಲ, ಚೆಂಡು ಹಿಡಿದು ಓಡುದೇ ಇಲ್ಲ, ಎಲ್ಲ ಕೆಲಸ ಅವರೇ ಮಾಡುದು. ಅವರು ಬಿದ್ರೆ ನಿನ್ನ ಬರೋ ಎಂತ ಮಾಡ್ತಾನೆ?"

ಬೀಳ್ತಾನೆ. ಮೊದಲ ವರ್ಷ 10 ಆಟದಲ್ಲಿ 32 ಸಲ ಸ್ಯಾಕ್ ಆಗಿ, ಅಂದ್ರೆ ಚೆಂಡು ಎಸೆಯುವ ಮೊದಲೇ ಎದುರಾಳಿ ಕೈಯಲ್ಲಿ ನೆಲಕ್ಕೆ ಬಿದ್ದು, ವಾಷಿಂಗ್ಟನ್ ವಿರುದ್ಧ ಮೊಣಕಾಲೇ ಹೋಯ್ತು. ಇದೂ ಕಡಿಮೆಯೇ. 2002ರಲ್ಲಿ ಹ್ಯೂಸ್ಟನ್ ಟೆಕ್ಸನ್ಸ್ ಅಂತ ಹೊಸ ಟೀಮ್, ಡ್ರಾಫ್ಟ್‌ನ ಮೊದಲ ಆಯ್ಕೆಯಾಗಿ ಡೇವಿಡ್ ಕಾರ್ ಎಂಬ ಕ್ವಾರ್ಟರ್‌ಬ್ಯಾಕನ್ನು ತಗೊಂಡಿತು. ಅವನನ್ನು ಕಾಯ್ಲಿಕ್ಕೆ ಅಂತ ಟೋನಿ ಬೊಸೆಲಿ ಎಂಬ ದೊಡ್ಡ ಟ್ಯಾಕಲ್‌ನನ್ನೂ, ಅಂದ್ರೆ ಲೈನಿನ ತುದಿಯಲ್ಲಿ ನಿಲ್ಲುವವನನ್ನೂ ತಂದಿದ್ರು. ಬೊಸೆಲಿಯ ಭುಜ ಸರಿಯಾಗ್ಲಿಲ್ಲ, ಹ್ಯೂಸ್ಟನ್‌ಗೆ ಒಂದೇ ಒಂದು ಆಟ ಆಡ್ಲಿಲ್ಲ. ಆ ಒಂದು ಸೀಸನ್‌ನಲ್ಲಿ ಕಾರ್ 76 ಸಲ ಸ್ಯಾಕ್. ದಾಖಲೆ ಅದು. ಇಪ್ಪತ್ತು ಚಿಲ್ಲರೆ ವರ್ಷದ ಹುಡುಗ, ಚೆಂಡು ಕೈಗೆ ಬಂದ ಕೂಡಲೇ ಹೊಡೆತ ಎಲ್ಲಿಂದ ಬರ್ತದೆ ಅಂತ ನೋಡುದೇ ಅಭ್ಯಾಸ ಆದ್ರೆ ಮತ್ತೆ ಎಂತ ಆಟ? ಹಾಗೆ ನೋಡಿದ್ರೆ ಲೈನೇ ಮೊದಲು ಅಂತ ಕಾಣ್ತದೆ.

ಒಂದು ನಿಮಿಷ, ಈ ಅಭಿಮಾನಿಯನ್ನು ನೋಡಿ! ಬೆಂಗಾಲ್ಸ್ ಅಂದ್ರೆ ಬಂಗಾಳದ ಹುಲಿ ಅಲ್ವಾ, ಮುಖಕ್ಕೆ ಆರೆಂಜ್, ಕಪ್ಪು ಪಟ್ಟೆ, ಹಿಂದೆ ಬಾಲ. ಅಪ್ಪ ಅಲ್ಲೇ ನಿಂತುಬಿಟ್ರು. "ಇದು ಹುಲಿವೇಷವೇ ಅಲ್ವಾ, ತಾಸೆ ಒಂದು ಇಲ್ಲ ಅಷ್ಟೇ." ಆ ಮನುಷ್ಯನಿಗೆ ನವರಾತ್ರಿಗೆ ಮಂಗಳೂರಿಗೆ ಬಾ ಅಂತ ಕನ್ನಡದಲ್ಲೇ ಹೇಳಿದ್ರು. ಅವ ಬೆಂಗಾಲ್ಸ್ ಅಭಿಮಾನಿಗಳ ಘೋಷಣೆ "ಹೂ ಡೇ" ಅಂತ ಕಿರುಚಿದ. ಇಬ್ಬರಿಗೂ ಖುಷಿ.

ಎಲ್ಲಿದ್ದೆ... ಹಾಂ, 2021. ಬರೋನ ಮೊಣಕಾಲು ಹೋದ ಮರು ವರ್ಷ ಬೆಂಗಾಲ್ಸ್‌ಗೆ 5ನೇ ಆಯ್ಕೆ. ಪೆನೇ ಸೂವೆಲ್ ಎಂಬ ಟ್ಯಾಕಲ್ ಕೈಗೆ ಸಿಗುವ ಹಾಗೆ ಇದ್ದ. ಇವರು ಅವನನ್ನು ಬಿಟ್ಟು ಬರೋನ ಕಾಲೇಜಿನ ಜೊತೆಗಾರ ಜಮಾರ್ ಚೇಸ್‌ನನ್ನು ತಗೊಂಡ್ರು, ಚೆಂಡು ಹಿಡಿಯುವವ. ಸೂವೆಲ್ 7ನೇ ಆಯ್ಕೆಯಾಗಿ ಡೆಟ್ರಾಯ್ಟ್‌ಗೆ ಹೋದ. ಚೇಸ್ ಎಂಥ ಆಟ ಆಡಿದ ಅಂದ್ರೆ ಎಲ್ಲರ ಬಾಯಿ ಬಂದ್. ಟೆನ್ನೆಸ್ಸೀ ವಿರುದ್ಧ ಬರೋ 9 ಸಲ ಸ್ಯಾಕ್ ಆಗಿಯೂ 19-16ಕ್ಕೆ ಗೆದ್ದ. ಒಂಬತ್ತು ಸಲ! ಎದ್ದು ಜರ್ಸಿಯಿಂದ ಹುಲ್ಲು ಕೊಡವುದು, ಮತ್ತೆ ಬಂದು ನಿಲ್ಲುದು.

ಆಮೇಲೆ ಸೂಪರ್ ಬೌಲ್, 2022ರ ಫೆಬ್ರವರಿ, ರಾಮ್ಸ್ ಎದುರು. ಮೂರು ಪಾಯಿಂಟ್ ಹಿಂದೆ, ನಾಲ್ಕನೇ ಡೌನ್, ಅಂದ್ರೆ ಹತ್ತು ಗಜ ಮುಂದೆ ಹೋಗ್ಲಿಕ್ಕೆ ಸಿಗುವ ನಾಲ್ಕು ಪ್ರಯತ್ನಗಳಲ್ಲಿ ಕೊನೆಯದ್ದು, ಬೇಕಾದದ್ದು ಒಂದು ಗಜ. ರಾಮ್ಸ್‌ನ ಆರನ್ ಡೊನಾಲ್ಡ್ ಲೈನ್ ಒಡೆದು ನುಗ್ಗಿ ಬರೋನನ್ನು ಹಿಡಿದು ತಿರುಗಿಸಿದ, ಚೆಂಡು ಎಲ್ಲೋ ನೆಲಕ್ಕೆ. ಅದೇ ಹೊತ್ತಿಗೆ ಆಚೆ ಚೇಸ್ ತನ್ನ ಕಾವಲುಗಾರನನ್ನು ದಾಟಿ ಓಡ್ತಿದ್ದ! ಇನ್ನೊಂದು ಸೆಕೆಂಡ್ ಸಿಕ್ಕಿದ್ರೆ ಸಾಕಿತ್ತು. 23-20, ಸೋಲು. ಆ ಆಟದಲ್ಲಿ ಸ್ಯಾಕ್ 7. ಆ ಕೊನೆಯ ಪ್ರಯತ್ನ ಯೂಟ್ಯೂಬಲ್ಲಿ ಬಂದ್ರೆ ನಾನು ಈಗ್ಲೂ ಮುಂದೆ ಓಡಿಸ್ತೇನೆ.

ಅಪ್ಪ ಹೇಳಿದ್ರು, "ಮತ್ತೆ ಲೈನಿಗೆ ದುಡ್ಡು ಹಾಕ್ಲಿಲ್ವಾ?" ಹಾಕಿದ್ರಪ್ಪ. ಆ ಬೇಸಿಗೆಯಲ್ಲೇ ಕರಾಸ್, ಕಾಪ್ಪ, ಕಾಲಿನ್ಸ್, ಮೂರು ಜನರನ್ನು ಹೊರಗಿಂದ ತಂದ್ರು. ಲೀಗ್ ಹಂತದಲ್ಲಿ 51 ಇದ್ದ ಬರೋನ ಸ್ಯಾಕ್ ಮುಂದಿನ ಸೀಸನ್‌ನಲ್ಲಿ 41ಕ್ಕೆ ಇಳಿಯಿತು. ಆದ್ರೆ ಕಾನ್ಸಾಸ್ ಸಿಟಿ ಎದುರು ಸೆಮಿಫೈನಲ್ ಲೆಕ್ಕದ ಆಟ ಬರುವಾಗ ಐದರಲ್ಲಿ ಮೂವರು ಗಾಯವಾಗಿ ಹೊರಗೆ. ಮತ್ತೆ 23-20, ಮತ್ತೆ ಸೋಲು. ಹಾಗಾಗಿ ದುಡ್ಡು ಕೊಟ್ರೆ ಲೈನ್ ಸಿಗ್ತದೆ ಅಂತ ಆಗ ಹೇಳಿದೆನಲ್ಲ, ಅದು ಅರ್ಧವೇ ಸರಿ. ಐದು ಜನ ಸಾಕಾಗುದಿಲ್ಲ, ಎಂಟು ಜನ ಬೇಕು. ಅಷ್ಟು ದುಡ್ಡು ಎಲ್ಲಿಂದ? 2011ರಿಂದ ಹೊಸಬರ ಸಂಬಳಕ್ಕೆ ಮಿತಿ ಉಂಟು, ಹಾಗಾಗಿ ಡ್ರಾಫ್ಟ್‌ನಲ್ಲಿ ಬಂದ ಕ್ವಾರ್ಟರ್‌ಬ್ಯಾಕ್ ಮೊದಲ ನಾಲ್ಕು ವರ್ಷ ಅಗ್ಗ. ಲೈನ್ ಕಟ್ಟುದಾದ್ರೆ ಆಗಲೇ ಕಟ್ಬೇಕು. 2023ರಲ್ಲಿ ಬರೋಗೆ ಐದು ವರ್ಷಕ್ಕೆ 27.5 ಕೋಟಿ ಡಾಲರ್ ಒಪ್ಪಂದ ಆಯ್ತು, ಇನ್ನು ಕೈ ಕಟ್ಟಿದ ಹಾಗೆ. ಮೊದಲು ಹುಡುಗ, ಮರುದಿನದಿಂದ ಲೈನ್. ಅಪ್ಪ ಒಪ್ಪುದಿಲ್ಲ, ಮೊದಲು ಲೈನ್ ಅಂತಾರೆ.

ಅಯ್ಯೋ, ಶಾಟ್ ಮುಗೀತು. ಇದು ಗೇಟ್. ಇಲ್ಲಿ ಪಾರದರ್ಶಕ ಚೀಲ ಮಾತ್ರ ಒಳಗೆ ಬಿಡುದು, ಅಪ್ಪನ ಕೈಯಲ್ಲಿ ಬಟ್ಟೆ ಚೀಲ, ಅದರೊಳಗೆ ಚಕ್ಕುಲಿ. ಸೆಕ್ಯುರಿಟಿಯವಳಿಗೆ ಅಪ್ಪ ಒಂದು ಚಕ್ಕುಲಿ ಕೊಡ್ಲಿಕ್ಕೆ ಹೊರಟಿದ್ದಾರೆ, ನೋಡಿ ನೋಡಿ!